ಹೊಸ ಉಪ್ಪುನೀರಿನ ಟ್ಯಾಂಕಿನಲ್ಲಿ ಪೊರೆ, ನೊರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರದ ಮೀನು ಸಾಕಲು ಉಪ್ಪುನೀರಿನ ಟ್ಯಾಂಕ್ ಇಟ್ಟು ಎರಡು ವಾರ ಆಗುವಷ್ಟರಲ್ಲಿ ಗೆಳೆಯರ ಫೋನ್ ಬರುತ್ತದೆ. "ನೀರಿನ ಮೇಲೆ ಏನೋ ಕಟ್ಟಿದೆ, ಫೋಟೋ ಕಳಿಸಿದ್ದೀನಿ ನೋಡಿ." ಫೋಟೋದಲ್ಲಿ ಟ್ಯೂಬ್‌ಲೈಟ್ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಆದರೂ ಏನಾಗಿದೆ ಅಂತ ಗೊತ್ತಾಗುತ್ತದೆ, ಯಾಕಂದ್ರೆ ನನ್ನ ಮೂರಡಿ ಟ್ಯಾಂಕಿನಲ್ಲೂ ಅದೇ ಆಗಿತ್ತು. ಬೆಂಗಳೂರಿನ ಒಂದು ಫ್ಲ್ಯಾಟಿನ ಹಾಲಿನಲ್ಲಿ, ಒಲೆಯಿಂದ ಹತ್ತು ಹೆಜ್ಜೆ ದೂರದಲ್ಲಿ ಇರುವ ಟ್ಯಾಂಕ್ ಅದು. ಈ ಹತ್ತು ಹೆಜ್ಜೆಯ ವಿಷಯ ಮುಂದೆ ಬರುತ್ತದೆ.

ನೀರಿನ ಮೇಲೆ ಎಣ್ಣೆ ಚೆಲ್ಲಿದ ಹಾಗೆ ಪದರ ಕಟ್ಟಿದೆ. ಏನಿದು?

ಟ್ಯಾಂಕಿನ ಕೊಳೆ ಮೇಲೆ ಬಂದು ಕೂತಿದೆ, ಅಷ್ಟೇ. ಕಾಯಿಸಿಟ್ಟ ಹಾಲಿನ ಮೇಲೆ ಕೆನೆ ಕಟ್ಟುತ್ತದಲ್ಲ, ನೋಡಲು ಹಾಗೇ. ಮೀನಿನ ಮೈಲೋಳೆ, ತಿನ್ನದೆ ಉಳಿದ ಆಹಾರ, ಸತ್ತ ಪಾಚಿ, ಕಲ್ಲಿನೊಳಗೆ ಕೊಳೆಯುತ್ತಿರುವ ಹುಳಹುಪ್ಪಟೆ, ಇವೆಲ್ಲ ಕರಗಿ ಪ್ರೋಟೀನ್ ಮತ್ತು ಕೊಬ್ಬಿನ ಅಂಶ ನೀರಿಗೆ ಸೇರುತ್ತವೆ. ಈ ಅಣುಗಳ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ನೀರು ಕಂಡರಾಗದು. ಹಾಗಾಗಿ ಅರ್ಧ ನೀರಿನಲ್ಲಿ, ಅರ್ಧ ಗಾಳಿಯಲ್ಲಿ ಇರಬಹುದಾದ ಜಾಗ ಹುಡುಕಿಕೊಂಡು ಮೇಲಕ್ಕೆ ಬಂದು ಅಲ್ಲೇ ಬೀಡುಬಿಡುತ್ತವೆ. ಅವನ್ನು ತಿನ್ನಲು ಬ್ಯಾಕ್ಟೀರಿಯಾ ಬಂದು ಸಂಸಾರ ಹೂಡಿದಾಗ ಪೊರೆ ದಪ್ಪ ಆಗುತ್ತದೆ.

ಒಂದು ಕಡೆ ಪೊರೆ, ಇನ್ನೊಂದು ಕಡೆ ನೊರೆ. ಎರಡೂ ಬೇರೆ ಬೇರೆ ಸಮಸ್ಯೆನಾ?

ಒಂದೇ. ನೀರು ನಿಂತಲ್ಲಿ ಅದು ಪೊರೆ, ನೀರು ಬಿದ್ದು ಗಾಳಿ ಸೇರುವಲ್ಲಿ ಅದೇ ನೊರೆ. ಗುಳ್ಳೆ ಅಂದರೆ ಗಾಳಿಯ ಸುತ್ತ ಸುತ್ತಿಕೊಂಡ ಮೇಲ್ಮೈ ತಾನೇ? ಮೇಲ್ಮೈ ಹುಡುಕುವ ಕೊಳೆ ಗುಳ್ಳೆಯ ಗೋಡೆಗೂ ಅಂಟಿಕೊಳ್ಳುತ್ತದೆ, ಗುಳ್ಳೆ ಬೇಗ ಒಡೆಯುವುದಿಲ್ಲ.

ಬೇಳೆ ಬೇಯುವಾಗ ಉಕ್ಕುವ ನೊರೆಯನ್ನು ಸೌಟಿನಲ್ಲಿ ತೆಗೆದು ಚೆಲ್ಲುತ್ತೇವೆ. ಮಂಡ್ಯ ಕಡೆ ಆಲೆಮನೆಗೆ ಹೋದವರು ನೋಡಿರುತ್ತೀರಿ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕಾಯುವಾಗ ಮೇಲೆ ಬಂದ ಕೊಳೆಯನ್ನು ಜಾಲರಿಯಲ್ಲಿ ಎತ್ತಿ ಎತ್ತಿ ಆಚೆ ಹಾಕುತ್ತಲೇ ಇರುತ್ತಾರೆ. ಯಾರೂ ಅದನ್ನು ವಾಪಸ್ ಕಲಸುವುದಿಲ್ಲ. ಟ್ಯಾಂಕಿಗೂ ಇದೇ ಬುದ್ಧಿ ಸಾಕು. ಕೊಳೆ ತಾನಾಗಿ ಮೇಲೆ ಬಂದಿದೆ, ಅದಕ್ಕೆ ಆಚೆ ಹೋಗಲು ದಾರಿ ಬೇಕು.

ಸಿಹಿನೀರಿನ ಟ್ಯಾಂಕ್ ಐದು ವರ್ಷ ಇಟ್ಟಿದ್ದೆ. ಇಷ್ಟು ನೊರೆ ನೋಡಿರಲಿಲ್ಲ. ಉಪ್ಪುನೀರಲ್ಲೇ ಯಾಕೆ?

ಸಿಹಿನೀರಿನಲ್ಲಿ ಎರಡು ಗುಳ್ಳೆ ತಾಗಿದರೆ ಸೇರಿ ಒಂದು ದೊಡ್ಡ ಗುಳ್ಳೆ ಆಗಿ ಮೇಲೆ ಬಂದು ಒಡೆಯುತ್ತದೆ. ಸಮುದ್ರದ ನೀರಿನಷ್ಟು ಉಪ್ಪಿದ್ದರೆ ಗುಳ್ಳೆಗಳು ಅಷ್ಟು ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಸಾಸಿವೆಗಿಂತ ಸಣ್ಣದಾಗಿ, ಲೆಕ್ಕವಿಲ್ಲದಷ್ಟು ಉಳಿಯುತ್ತವೆ. ಸಣ್ಣ ಗುಳ್ಳೆ ಜಾಸ್ತಿ ಇದ್ದಷ್ಟೂ ಕೊಳೆ ಅಂಟಿಕೊಳ್ಳಲು ಜಾಗ ಜಾಸ್ತಿ. ಪ್ರೋಟೀನ್ ಸ್ಕಿಮ್ಮರ್, ಅಂದರೆ ನೀರಿಗೆ ಗುಳ್ಳೆ ಬೆರೆಸಿ ಕೊಳೆನೊರೆಯನ್ನು ಮೇಲಿನ ಒಂದು ಕಪ್ಪಿಗೆ ಹತ್ತಿಸುವ ಯಂತ್ರ, ಕೆಲಸ ಮಾಡುವುದೂ ಇದೇ ಕಾರಣಕ್ಕೆ. ಸಿಹಿನೀರಿನ ಮನೆ ಟ್ಯಾಂಕಿಗೆ ಸ್ಕಿಮ್ಮರ್ ಹಾಕಿ ಏನೂ ಪ್ರಯೋಜನ ಇಲ್ಲ.

ಟ್ಯಾಂಕಿನಲ್ಲಿ ಇನ್ನೂ ಒಂದು ಮೀನೂ ಇಲ್ಲ. ಪೊರೆ ಎಲ್ಲಿಂದ ಬಂತು?

ಮೂರ್ನಾಲ್ಕು ಕಡೆಯಿಂದ ಬಂದಿರಬಹುದು.

ಮೊದಲನೆಯದು ಸಿಗಡಿ. ಸೈಕಲ್ (ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ನೆಲೆಯೂರುವ ಹಂತ) ಶುರು ಮಾಡಲು ಮಾರ್ಕೆಟ್ಟಿನಿಂದ ಒಂದು ಹಸಿ ಸಿಗಡಿ ತಂದು ಹಾಕಿದ್ದೀರಾ? ಅದು ಕೊಳೆತು ಅಮೋನಿಯಾ ಕೊಡುತ್ತದೆ ನಿಜ, ಜೊತೆಗೆ ಕೊಬ್ಬು, ಪ್ರೋಟೀನನ್ನೂ ಧಾರಾಳವಾಗಿ ಬಿಡುತ್ತದೆ. ನಾನೂ ಹಾಗೇ ಮಾಡಿದ್ದೆ. ನಾಲ್ಕನೇ ದಿನ ಸಿಗಡಿಯ ಸುತ್ತ ಬಿಳಿ ಹತ್ತಿಯಂಥದ್ದು, ನೀರಿನ ಮೇಲೆ ಬೂದು ಪೊರೆ, ಮನೆಯಲ್ಲಿ ಮಾತುಬಿಟ್ಟ ಅಮ್ಮ. ಅಮೋನಿಯಂ ಕ್ಲೋರೈಡ್ ದ್ರಾವಣ ಸಿಕ್ಕರೆ ಅದೇ ಮೇಲು. ಇಲ್ಲದಿದ್ದರೆ ಸಿಗಡಿಯನ್ನು ಹಳೆಯ ಸಾಕ್ಸಿನಂಥ ಬಲೆಚೀಲದಲ್ಲಿ ಹಾಕಿ ಇಳಿಬಿಡಿ, ಅಮೋನಿಯಾ ಕಂಡ ತಕ್ಷಣ ಎತ್ತಿಬಿಡಿ.

ಎರಡನೆಯದು ಕಲ್ಲು. ಹಿಂದೊಮ್ಮೆ ಸಮುದ್ರದಲ್ಲಿದ್ದು ಒಣಗಿದ ಕಲ್ಲಿನ ರಂಧ್ರಗಳಲ್ಲಿ ಸತ್ತ ಸ್ಪಾಂಜು, ಹುಳ, ಪಾಚಿ ಒಣಗಿ ಕೂತಿರುತ್ತವೆ. ನೀರು ತಾಗಿದ ಮೇಲೆ ವಾರಗಟ್ಟಲೆ ಕರಗುತ್ತವೆ. ಸಾಧ್ಯವಿದ್ದರೆ ಕಲ್ಲನ್ನು ಡ್ರಮ್ಮಿನಲ್ಲಿ ಉಪ್ಪುನೀರು, ಪಂಪು ಹಾಕಿ ಮೂರ್ನಾಲ್ಕು ವಾರ ಇಟ್ಟು ಆಮೇಲೆ ಟ್ಯಾಂಕಿಗೆ ತನ್ನಿ. ಕಲ್ಲಿನ ಮಾತು ಬಂದಿದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ: ರಜೆಗೆ ಹೋದಾಗ ಸಮುದ್ರತೀರದಿಂದ ಹವಳದ ತುಂಡು ಎತ್ತಿಕೊಂಡು ಬರಬೇಡಿ. ಕಲ್ಲುಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿ 2001ರಿಂದ ರಕ್ಷಣೆ ಇದೆ. ಸತ್ತಿದ್ದರೂ ಅಪರಾಧವೇ.

ಮೂರನೆಯದು ಹೊಸ ಸಾಮಾನು. ಪಂಪು, ಪೈಪು, ಅಕ್ರಿಲಿಕ್, ಕಲ್ಲು ಅಂಟಿಸುವ ಎಪಾಕ್ಸಿ, ಎಲ್ಲದರ ಮೇಲೂ ತಯಾರಿಕೆಯ ಜಿಡ್ಡು ಸ್ವಲ್ಪ ಇರುತ್ತದೆ. ಕೊನೆಯದು ನಿಮ್ಮ ಕೈ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಕೈ ಒರೆಸಿಕೊಂಡು, ಟ್ಯಾಂಕಿನಲ್ಲಿ ಕಲ್ಲು ಸರಿಮಾಡಲು ಹೋದರೆ ಪೊರೆ ಬರದೆ ಇನ್ನೇನು ಬರುತ್ತದೆ? ಮೊಣಕೈವರೆಗೆ ಬರೀ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಿರಿ. ಉದ್ದ ಗ್ಲೌಸ್ ಇದ್ದರೆ ಇನ್ನೂ ಒಳ್ಳೆಯದು.

ಒಗ್ಗರಣೆ ಹೊಗೆಯಿಂದ ಪೊರೆ ಬರುತ್ತೆ ಅಂತಾರೆ. ನಿಜಾನಾ?

ನಿಜ. ಹತ್ತು ಹೆಜ್ಜೆಯ ವಿಷಯ ಅಂದಿದ್ದು ಇದನ್ನೇ. ಒಂದು ಮಳೆಯ ಸಂಜೆ ಮನೆಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿದರು. ಚಿಮಣಿ ಇತ್ತು, ಆದರೆ ಮಳೆ ಅಂತ ಕಿಟಕಿಯೆಲ್ಲ ಮುಚ್ಚಿತ್ತು. ಬೆಳಿಗ್ಗೆ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ಟ್ಯಾಂಕಿನ ಮೇಲೆ ಪೆಟ್ರೋಲ್ ಬಂಕಿನ ಮುಂದೆ ಮಳೆನೀರಿನಲ್ಲಿ ಕಾಣುವ ಕಾಮನಬಿಲ್ಲು. ಕರಿದ ಎಣ್ಣೆಯ ಹೊಗೆಯಲ್ಲಿ ಎಣ್ಣೆಯ ಅತಿಸಣ್ಣ ಹನಿಗಳೇ ಇರುತ್ತವೆ. ಅಡುಗೆಮನೆಯ ಟೈಲ್ಸಿಗೆ ಅಂಟುವುದು, ಫ್ಯಾನಿನ ರೆಕ್ಕೆಗೆ ಅಂಟುವುದು ನೀರಿಗೆ ಯಾಕೆ ಅಂಟಬಾರದು?

ಇನ್ನೊಂದು ವಿಷಯ ತುಂಬ ಜನರಿಗೆ ಹೊಳೆಯುವುದಿಲ್ಲ. ಸ್ಕಿಮ್ಮರ್ ಅಂದರೆ ಟ್ಯಾಂಕಿನ ಮೂಗು. ಕೋಣೆಯ ಗಾಳಿಯನ್ನು ಎಳೆದು ನೀರಿಗೆ ಬೆರೆಸುವುದೇ ಅದರ ಕೆಲಸ. ಅಗರಬತ್ತಿ, ಧೂಪ, ಹಬ್ಬದ ಮುಂಚಿನ ಪೇಂಟು, ರೂಮ್ ಸ್ಪ್ರೇ, ಎಲ್ಲವನ್ನೂ ಅದು ಉಸಿರಾಡುತ್ತದೆ. ಸೊಳ್ಳೆ, ಜಿರಳೆಗೆ ಹೊಡೆಯುವ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಪೈರೆಥ್ರಾಯ್ಡ್ ಎನ್ನುವ ವಿಷ ಇರುತ್ತದೆ. ನಮಗೆ ಅಷ್ಟಾಗಿ ತಟ್ಟದ ಪ್ರಮಾಣ ಮೀನಿಗೆ, ಅದಕ್ಕಿಂತ ಹೆಚ್ಚಾಗಿ ಸಿಗಡಿ ಏಡಿಗಳಿಗೆ ಮಾರಕ. ಟ್ಯಾಂಕ್ ಇರುವ ಕೋಣೆಯಲ್ಲಿ ಸ್ಪ್ರೇ ಬೇಡವೇ ಬೇಡ. ಸ್ಕಿಮ್ಮರಿನ ಗಾಳಿ ಕೊಳವೆಗೆ ಉದ್ದ ಪೈಪು ಸೇರಿಸಿ ಕಿಟಕಿಯಿಂದಾಚೆ ಬಿಟ್ಟರೆ ಅರ್ಧ ತಲೆನೋವು ಕಮ್ಮಿ. ನಾನು ಕೊನೆಗೆ ಮಾಡಿದ್ದು ಇದನ್ನೇ.

ಪೊರೆಯಿಂದ ಮೀನಿಗೆ ಅಪಾಯ ಇದೆಯಾ? ನೋಡಲು ಅಸಹ್ಯ ಅನ್ನೋದು ಬಿಟ್ಟರೆ?

ಪೊರೆ ವಿಷವಲ್ಲ. ಆದರೆ ಅದು ಮುಚ್ಚಳ. ನೀರಿಗೆ ಆಮ್ಲಜನಕ ಹೋಗುವುದೂ, ಇಂಗಾಲದ ಡೈಆಕ್ಸೈಡ್ ಆಚೆ ಬರುವುದೂ ಮೇಲ್ಮೈ ಮೂಲಕ. ಪೊರೆ ಬಂದರೆ ಅಲೆ ಮಂಕಾಗುತ್ತದೆ, ಈ ಕೊಡುಕೊಳ್ಳುವಿಕೆ ನಿಧಾನ ಆಗುತ್ತದೆ. ರಾತ್ರಿ ಪಿಹೆಚ್ ಇಳಿಯುತ್ತದೆ.

ಲೆಕ್ಕ ನೋಡಿ. 26 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. ಸಮುದ್ರದ ನೀರು ಹಿಡಿಯುವುದು 6.6ರ ಆಸುಪಾಸು. ಅದೂ ಸಮುದ್ರಮಟ್ಟದಲ್ಲಿ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಹತ್ತರಲ್ಲಿ ಒಂದು ಪಾಲು ಕಮ್ಮಿ. ಹಾಗಾಗಿ ನಮ್ಮ ಟ್ಯಾಂಕಿಗೆ ಸಿಗುವುದು ಹೆಚ್ಚೆಂದರೆ 6. ಮೊದಲೇ ಕೈ ಬಿಗಿ. ಅದರ ಮೇಲೆ ಪೊರೆ ಬೇರೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ಮೊದಲು ನೀರಿನ ಮೇಲ್ಮೈ ಕದಡಿ.

ಇದು ಎಣ್ಣೆಯೋ, ಬ್ಯಾಕ್ಟೀರಿಯಾ ಪೊರೆಯೋ? ಹೇಗೆ ಗೊತ್ತಾಗುತ್ತೆ?

ಹತ್ತು ನಿಮಿಷ ಪಂಪುಗಳನ್ನು ನಿಲ್ಲಿಸಿ. ಒಂದು ಒಣ ಕಡ್ಡಿ ತಗೊಂಡು ಪೊರೆಯ ಮೇಲೆ ಒಂದು ಗೀಟು ಎಳೆಯಿರಿ. ಗೀಟು ತಕ್ಷಣ ಮುಚ್ಚಿಕೊಂಡು ಬಣ್ಣಗಳು ಸುತ್ತಿಕೊಂಡರೆ ಎಣ್ಣೆ. ಒಡೆದ ಗಾಜಿನ ಹಾಗೆ ಚೂರುಚೂರಾಗಿ ಬೇರೆಯಾಗಿ ನಿಂತರೆ ಬ್ಯಾಕ್ಟೀರಿಯಾ. ಎಣ್ಣೆಯಾದರೆ ಮೂಲ ಹುಡುಕಿ: ಅಡುಗೆಮನೆ, ಕೈ, ಎಣ್ಣೆ ಒಸರುವ ಹಳೆಯ ಮೋಟರು. ಬ್ಯಾಕ್ಟೀರಿಯಾ ಆದರೆ ಅವುಗಳ ಊಟ ಹುಡುಕಿ. ಅದು ಬಹುಮಟ್ಟಿಗೆ ನೀವೇ ಹಾಕುತ್ತಿರುವುದು.

ನೊರೆ ನೋಡಿದರೆ ಸೋಪಿನ ನೊರೆ ಥರ ಇದೆ. ಸೋಪೇ ಬಿದ್ದಿದೆಯಾ?

ಒಂದು ಸ್ವಚ್ಛ ಬಾಟಲಿಯಲ್ಲಿ ಅರ್ಧದಷ್ಟು ಟ್ಯಾಂಕಿನ ನೀರು, ಇನ್ನೊಂದರಲ್ಲಿ ಹೊಸದಾಗಿ ಕಲಸಿದ ಉಪ್ಪುನೀರು ಹಾಕಿ. ಎರಡನ್ನೂ ಒಂದೇ ಸಮ ಹತ್ತು ಸಲ ಕುಲುಕಿ ಮೇಜಿನ ಮೇಲಿಡಿ. ಹೊಸ ನೀರಿನ ನೊರೆ ಕೆಲವೇ ಸೆಕೆಂಡಿನಲ್ಲಿ ಇಳಿಯುತ್ತದೆ. ಟ್ಯಾಂಕಿನದು ಸ್ವಲ್ಪ ಹೊತ್ತು ನಿಂತು ಇಳಿದರೆ ಕೊಳೆ ಜಾಸ್ತಿ ಇದೆ ಅಂತ. ಟೀ ಕುಡಿದು ಬಂದು ನೋಡಿದರೂ ಬಿಳಿ ನೊರೆ ಹಾಗೇ ಕೂತಿದ್ದರೆ ಸೋಪಿನ ಅನುಮಾನ ಗಟ್ಟಿ.

ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿಬಂದಿದ್ದು, 2015ರಲ್ಲಿ ಅದಕ್ಕೆ ಬೆಂಕಿ ಹತ್ತಿದ್ದು ನೆನಪಿದೆಯಲ್ಲ. ಅಲ್ಲಿ ಊರಿನ ಚರಂಡಿ ನೀರು, ಅದರ ಡಿಟರ್ಜೆಂಟು. ಟ್ಯಾಂಕಿಗೆ ಅಷ್ಟೆಲ್ಲ ಬೇಕಿಲ್ಲ. ಪಾತ್ರೆ ತೊಳೆದ ಸ್ಕ್ರಬ್ಬರಿನಲ್ಲಿ ಗಾಜು ಉಜ್ಜಿದರೂ ಸಾಕು. ನಮ್ಮ ಮನೆಯಲ್ಲಿ ಆಗಿದ್ದು ಬಕೆಟ್. ಉಪ್ಪು ಕಲಸುವ ಬಿಳಿ ಬಕೆಟ್ಟಿನಲ್ಲಿ ಯಾರೋ ನೆಲ ಒರೆಸಿ, ಚೆನ್ನಾಗಿ ತೊಳೆದು, ಇದ್ದ ಜಾಗದಲ್ಲೇ ಬೋರಲು ಹಾಕಿದ್ದರು. ತೊಳೆದಿದ್ದಾರೆ ಅನ್ನೋದೇ ಮೋಸ. ಪ್ಲಾಸ್ಟಿಕ್ಕಿಗೆ ಅಂಟಿದ ಫಿನಾಯಿಲ್, ಸೋಪು ಹಾಗೆಲ್ಲ ಬಿಡುವುದಿಲ್ಲ. ಅವತ್ತು ಸ್ಕಿಮ್ಮರ್ ಎರಡು ನಿಮಿಷದಲ್ಲಿ ಕಪ್ ತುಂಬಿ ನೆಲಕ್ಕೆ ಉಕ್ಕಿತು. ಈಗ ಬಕೆಟ್ಟಿನ ಮೇಲೆ ಕಪ್ಪು ಮಾರ್ಕರಿನಲ್ಲಿ "ಮೀನಿಂದು, ಮುಟ್ಟಬೇಡಿ" ಅಂತ ಬರೆದಿದೆ.

ಸೋಪು ಬಿದ್ದಿರೋದು ಖಾತ್ರಿ. ಈಗೇನು ಮಾಡಲಿ?

ಸೋಪು ಮೀನಿನ ಕಿವಿರಿನ ತೆಳು ಪೊರೆಯನ್ನು ಕೆಡಿಸುತ್ತದೆ. ತಡಮಾಡಬೇಡಿ. ಉಪ್ಪು, ಬಿಸಿ ಹೊಂದಿಸಿದ ಹೊಸ ನೀರು ತಯಾರಿದ್ದರೆ ಮೂರನೇ ಒಂದು ಭಾಗ ಬದಲಿಸಿ, ಮರುದಿನ ಇನ್ನೊಮ್ಮೆ. ನೀರು ತೆಗೆಯುವಾಗ ಪೈಪಿನ ಬಾಯನ್ನು ಮೇಲ್ಮೈಗೇ ಹಿಡಿಯಿರಿ. 100 ಲೀಟರಿಗೆ ಒಂದು ಟೀ ಕಪ್ಪಿನಷ್ಟು ಆಕ್ಟಿವೇಟೆಡ್ ಕಾರ್ಬನ್ ತೊಳೆದು, ಚೀಲದಲ್ಲಿ ಹಾಕಿ, ನೀರು ಹರಿಯುವ ಜಾಗದಲ್ಲಿಡಿ. ಮರುದಿನ ಅದನ್ನು ಎಸೆದು ಹೊಸದು. ಸ್ಕಿಮ್ಮರಿನ ಕಪ್ಪಿನಿಂದ ಬಕೆಟ್ಟಿಗೆ ಪೈಪು ಕೊಟ್ಟು, ಎಷ್ಟು ಉಕ್ಕುತ್ತದೋ ಉಕ್ಕಲಿ ಬಿಡಿ. ಅದು ಸೋಪನ್ನೇ ಆಚೆ ಹಾಕುತ್ತಿದೆ. ಅಷ್ಟು ನೀರು ಆಚೆ ಹೋದಾಗ ಉಪ್ಪುನೀರನ್ನೇ ತುಂಬಬೇಕು, ಬರೀ ಆರ್‌ಓ ನೀರಲ್ಲ.

ಸಂಜೆ ನೆಂಟರು ಬರ್ತಾರೆ. ಪೊರೆ ಈಗಲೇ ತೆಗೀಬೇಕು!

ಪಂಪು ನಿಲ್ಲಿಸಿ. ಅಡುಗೆಮನೆಯ ಟಿಶ್ಯೂ ರೋಲಿನಿಂದ ಬಣ್ಣ, ಪರಿಮಳ ಇಲ್ಲದ ಒಂದು ಹಾಳೆ ಹರಿದುಕೊಳ್ಳಿ. ಎರಡು ಮೂಲೆ ಹಿಡಿದು, ಕಾವಲಿ ಮೇಲೆ ರೊಟ್ಟಿ ಹಾಸುವಷ್ಟು ನಿಧಾನವಾಗಿ ನೀರಿನ ಮೇಲೆ ಹಾಸಿ. ಎರಡು ಸೆಕೆಂಡು ಬಿಟ್ಟು ಒಂದು ಕಡೆಯಿಂದ ಎಳೆದು ತೆಗೆಯಿರಿ. ಮೂರ್ನಾಲ್ಕು ಹಾಳೆಯಲ್ಲಿ ಮೇಲ್ಮೈ ಕನ್ನಡಿ ಆಗುತ್ತದೆ.

ಈ ಉಪಾಯಕ್ಕೆ ದೊಡ್ಡ ಚರಿತ್ರೆಯೇ ಇದೆ. ಜರ್ಮನಿಯ ಆಗ್ನೆಸ್ ಪೊಕೆಲ್ಸ್ ಕಾಲೇಜು ಮೆಟ್ಟಿಲು ಹತ್ತದೆ, ಮನೆಗೆಲಸ ನೋಡಿಕೊಂಡು ಇದ್ದವರು. ಅಡುಗೆಮನೆಯಲ್ಲೇ ಒಂದು ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ಮೇಲೆ ಒಂದು ಪಟ್ಟಿಯನ್ನು ಅತ್ತಿತ್ತ ಸರಿಸಿ ಪೊರೆಯನ್ನು ಒಂದು ಬದಿಗೆ ಗುಡಿಸುತ್ತಿದ್ದರು. ಹಾಗೆ ಜಿಡ್ಡು ನೀರಿನ ಎಳೆತವನ್ನು ಎಷ್ಟು ಬದಲಿಸುತ್ತದೆ ಅಂತ ಅಳೆದರು. ಅವರು ಬರೆದ ಪತ್ರ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿಯವರ ಮೂಲಕ 1891ರಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಬಂತು. ಇವತ್ತು ಪ್ರಯೋಗಾಲಯಗಳಲ್ಲಿ ಪೊರೆ ಅಳೆಯುವ ತೊಟ್ಟಿ ಆ ಅಡುಗೆಮನೆ ತೊಟ್ಟಿಯ ಮೊಮ್ಮಗು.

ಟಿಶ್ಯೂ ಇವತ್ತಿನ ಮಟ್ಟಿಗೆ. ನಾಳೆ ಬೆಳಿಗ್ಗೆ ಪೊರೆ ವಾಪಸ್ ಹಾಜರ್.

ಮತ್ತೆ ಬರದ ಹಾಗೆ ಏನು ಮಾಡಬೇಕು?

ಸಂಪ್ (ಪಂಪು, ಸ್ಕಿಮ್ಮರ್ ಇಡಲು ಟ್ಯಾಂಕಿನ ಕೆಳಗಿರುವ ಎರಡನೇ ತೊಟ್ಟಿ) ಇರುವ ಟ್ಯಾಂಕಾದರೆ ಪೊರೆ ಓವರ್‌ಫ್ಲೋ, ಅಂದರೆ ಮೇಲಿನ ನೀರು ಇಳಿಯುವ ಕಿಂಡಿ, ದಾಟಿ ತಾನೇ ಕೆಳಗೆ ಹೋಗಬೇಕು. ಹೋಗುತ್ತಿಲ್ಲ ಅಂದರೆ ಓವರ್‌ಫ್ಲೋ ಬಾಯಲ್ಲಿರುವ ಬಾಚಣಿಗೆಯಂಥ ಹಲ್ಲುಗಳ ಮುಂದೆ ಕಣ್ಣಿಟ್ಟು ನೋಡಿ. ನೀರು ಹಲ್ಲುಗಳ ಅರ್ಧ ಎತ್ತರದಲ್ಲಿ ತೆಳುವಾಗಿ ಹರಿಯಬೇಕು. ಹಲ್ಲುಗಳು ಪೂರ್ತಿ ಮುಳುಗಿದ್ದರೆ ನೀರು ಕೆಳಗಿನಿಂದ ಹೋಗುತ್ತದೆ, ಪೊರೆ ಮೇಲೆಯೇ ಅಲ್ಲಾಡುತ್ತಾ ನಿಲ್ಲುತ್ತದೆ. ಹಲ್ಲುಗಳ ನಡುವೆ ಪಾಚಿ, ಬಸವನಹುಳು ಸಿಕ್ಕಿಕೊಂಡಿದ್ದರೂ ಹೀಗೇ. ಹಳೆಯ ಟೂತ್‌ಬ್ರಶ್ ಸಾಕು.

ಒಂದೇ ಮೂಲೆಯಲ್ಲಿ ಪೊರೆ ನಿಲ್ಲುತ್ತಿದ್ದರೆ ಅಲ್ಲಿ ಹರಿವು ಇಲ್ಲ ಅಂತ. ಅದರ ಎದುರಿನ ವೇವ್‌ಮೇಕರನ್ನು (ಟ್ಯಾಂಕಿನೊಳಗೆ ಅಲೆ ಎಬ್ಬಿಸುವ ಪುಟ್ಟ ಪಂಪು) ಸ್ವಲ್ಪ ಮೇಲ್ಮುಖ ಮಾಡಿ, ನೀರಿನ ಮೇಲೆ ಗಾಳಿಗೆ ಕೆರೆ ಅಲುಗಿದಂತೆ ಅಲೆ ಏಳಬೇಕು. ಸಿಡಿಯಬಾರದು.

ಸಂಪ್ ಇಲ್ಲದ ಎರಡಡಿ ಟ್ಯಾಂಕುಗಳದ್ದೇ ಹೆಚ್ಚು ಗೋಳು. ನೇತುಹಾಕುವ ಫಿಲ್ಟರಿನ ಕೊಳವೆ ನೀರಿನ ನಡುವಿನಿಂದ ಎಳೆಯುತ್ತದೆ, ಮೇಲಿನದನ್ನು ಮುಟ್ಟುವುದೇ ಇಲ್ಲ. ತೇಲುವ ಬಾಯಿರುವ ಸರ್ಫೇಸ್ ಸ್ಕಿಮ್ಮರ್ ಒಂದನ್ನು ಸೇರಿಸಿ. ಮೇಲ್ಮೈಯಿಂದ ಎಳೆಯುವ ನೇತುಹಾಕುವ ಪ್ರೋಟೀನ್ ಸ್ಕಿಮ್ಮರ್ ಸಿಕ್ಕರೆ ಇನ್ನೂ ಒಳ್ಳೆಯದು. ಬಾಯಿಗೆ ಬಲೆ ಕಟ್ಟಿ. ಗೋಬಿ, ಫೈರ್‌ಫಿಶ್‌ನಂಥ ಸಣ್ಣ ಮೀನುಗಳು ರಾತ್ರಿ ಹೆದರಿ ಹಾರಿ ಅದರೊಳಗೆ ಸೇರಿಕೊಳ್ಳುತ್ತವೆ.

ಏರ್ ಸ್ಟೋನ್ ಹಾಕಿದರೆ ಸಾಕಲ್ವಾ?

ಏರ್ ಪಂಪಿನ ಗಾಳಿಯನ್ನು ಗುಳ್ಳೆಯಾಗಿಸುವ ಆ ಕಲ್ಲಿನಿಂದ ಪೊರೆ ಒಡೆಯುತ್ತದೆ, ಆಮ್ಲಜನಕ ಸೇರುತ್ತದೆ. ಕೊಳೆ ಮಾತ್ರ ಎಲ್ಲೂ ಹೋಗುವುದಿಲ್ಲ, ನೀರಿಗೇ ಕಲಸಿಕೊಳ್ಳುತ್ತದೆ. ಗುಳ್ಳೆ ಸಿಡಿದು ಲೈಟು, ಗೋಡೆ, ಪ್ಲಗ್ಗು ಎಲ್ಲದರ ಮೇಲೂ ಉಪ್ಪು. ಕಷ್ಟಕಾಲಕ್ಕೆ ಇಟ್ಟುಕೊಳ್ಳಿ.

ಹೊಸ ಸ್ಕಿಮ್ಮರ್ ತಂದೆ. ಒಮ್ಮೆ ಉಕ್ಕುತ್ತೆ, ಒಮ್ಮೆ ಏನೂ ತೆಗೆಯಲ್ಲ. ಹಾಳಾಗಿದೆಯಾ?

ಇಲ್ಲ. ಹೊಸ ಸ್ಕಿಮ್ಮರಿಗೆ ಒಗ್ಗಿಕೊಳ್ಳಲು ಕೆಲವು ದಿನದಿಂದ ಎರಡು ಮೂರು ವಾರ ಬೇಕು. ಒಳಗಿನ ಪ್ಲಾಸ್ಟಿಕ್ಕಿನ ಜಿಡ್ಡು ಹೋಗಿ, ಗೋಡೆಗೆ ಲೋಳೆ ಕೂತ ಮೇಲೆ ನೊರೆ ಹದಕ್ಕೆ ಬರುತ್ತದೆ. ಹಾಕುವ ಮುಂಚೆ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಓಡಿಸಿ ತೊಳೆದರೆ ಬೇಗ ಪಳಗುತ್ತದೆ. ಮೊದಲ ವಾರ ನೊರೆಯ ಮಟ್ಟ ಕುತ್ತಿಗೆಯ ಕೆಳಗೇ ಇರಲಿ, ಕಪ್ಪಿನ ಹತ್ತಿರ ತರಲು ಅವಸರ ಬೇಡ. ಸಂಪಿನ ಆ ಕೋಣೆಯ ನೀರಿನ ಮಟ್ಟ ದಿನವೂ ಏರಿಳಿದರೆ ಸ್ಕಿಮ್ಮರ್ ಎಂದೂ ನಿಲ್ಲುವುದಿಲ್ಲ. ಎಷ್ಟು ಇಂಚು ಇರಬೇಕು ಅಂತ ಅದರ ಜೊತೆ ಬಂದ ಚೀಟಿಯಲ್ಲಿ ಇರುತ್ತದೆ.

ಹೊಸ ಟ್ಯಾಂಕಿನಲ್ಲಿ ಏನೂ ತೆಗೆಯದಿದ್ದರೆ, ತೆಗೆಯಲು ಇನ್ನೂ ಏನೂ ಇಲ್ಲದಿರಬಹುದು. ಸುಮ್ನೆ ತಿರುಗಿಸುತ್ತಾ ಕೂರಬೇಡಿ.

ಬಿಳಿ ನೀರುನೊರೆ ಇದ್ದಕ್ಕಿದ್ದಂತೆ ಉಕ್ಕಿದರೆ ಹಿಂದಿನ ದಿನ ನೀರಿಗೆ ಏನು ಹಾಕಿದಿರಿ ನೆನಪಿಸಿಕೊಳ್ಳಿ. ಮೀನಿನ ಮೈಲೋಳೆ ಕಾಪಾಡುತ್ತೆ ಅಂತ ಮಾರುವ ವಾಟರ್ ಕಂಡೀಷನರ್, ಎಪಾಕ್ಸಿ, ಔಷಧಿ, ಮೂರೂ ಹೀಗೆ ಮಾಡುತ್ತವೆ. ಒಂದು ರಾತ್ರಿ ನಾನು ಕಂಡೀಷನರ್ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದು ಕಾಲಿಟ್ಟಾಗ ಕಾರ್ಪೆಟ್ ಪಚಕ್ ಅಂದಿತು. ಗಾಳಿಯನ್ನು ಕಮ್ಮಿ ಮಾಡಿ, ಕಾರ್ಬನ್ ಹಾಕಿ, ಎರಡು ಮೂರು ದಿನ ಕಾಯಿರಿ.

ಟ್ಯಾಂಕ್ ತುಂಬ ಸೋಡಾ ಥರ ಸಣ್ಣ ಗುಳ್ಳೆಗಳು. ಇದೂ ನೊರೆಯಾ?

ಇದು ಪಂಪಿನ ಕಥೆ. ಸಂಪಿನ ಕೊನೆಯ ಕೋಣೆಯಲ್ಲಿ ನೀರು ಕಮ್ಮಿಯಾಗಿ ಪಂಪು ಗಾಳಿ ಎಳೆಯುತ್ತಿದೆ. ಬೇಸಿಗೆಯಲ್ಲಿ ಫ್ಯಾನ್ ಹಾಕಿದರೆ ನೀರು ಬೇಗ ಆವಿಯಾಗುತ್ತದೆ. ಆವಿಯಾಗಿದ್ದಕ್ಕೆ ಉಪ್ಪಿಲ್ಲದ ಆರ್‌ಓ ನೀರು ತುಂಬಿ, ಗುಳ್ಳೆ ನಿಲ್ಲುತ್ತದೆ. ನಿಲ್ಲದಿದ್ದರೆ ಪೈಪಿನ ಜೋಡಣೆ ಎಲ್ಲೋ ಗಾಳಿ ಎಳೆಯುತ್ತಿದೆ.

ಮನೆಯ ಕುಡಿಯುವ ನೀರಿನ ಆರ್‌ಓ ಸಾಕಾ? ಮಂಗಳೂರಿನಿಂದ ಸಮುದ್ರದ ನೀರೇ ತಂದರೆ?

ಮನೆಯ ಆರ್‌ಓ ಯಂತ್ರಗಳಲ್ಲಿ ರುಚಿಗೆ ಅಂತ ಮಿನರಲ್ ಸೇರಿಸುವ ಅಥವಾ ಸ್ವಲ್ಪ ಹಸಿ ನೀರು ಬೆರೆಸುವ ಏರ್ಪಾಡು ಇರುವುದು ಮಾಮೂಲಿ. ನಲ್ಲಿಯ ಕೆಳಗೆ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಹಿಡಿಯಿರಿ. ಬೇಕಾಗಿರುವುದು ಸೊನ್ನೆ, ಅಥವಾ ಅದರ ಪಕ್ಕ. ಬೋರ್‌ವೆಲ್ ನೀರಾದರೆ ಆರ್‌ಓ ನಂತರ ಉಳಿದ ಲವಣ ಹೀರುವ ಡಿಐ ರೆಸಿನ್ ಬೇಕೇ ಬೇಕು. ಉಪ್ಪನ್ನು 35 ಪಿಪಿಟಿಗೆ (ಸಾವಿರ ಪಾಲಿಗೆ 35 ಪಾಲು), ಅಂದರೆ ಸಾಪೇಕ್ಷ ಸಾಂದ್ರತೆ 1.026ರ ಹತ್ತಿರಕ್ಕೆ ಕಲಸಿ, ಪಂಪು ಓಡಿಸಿ, ತಿಳಿಯಾದ ಮೇಲೆ ಬಳಸಿ. ಕಲಸುವಾಗ ಬರುವ ಸ್ವಲ್ಪ ನೊರೆ ಲೆಕ್ಕಕ್ಕಿಲ್ಲ.

ಕರಾವಳಿಯವರಿಗೆ ಸಮುದ್ರದ ನೀರು ಪುಕ್ಕಟೆ, ಆಸೆ ಆಗುವುದು ಸಹಜ. ಮಳೆಗಾಲದಲ್ಲಿ ಮಾತ್ರ ಬೇಡ. ನೇತ್ರಾವತಿ, ಗುರುಪುರ ಹೊಳೆಗಳ ಕೆಂಪು ನೀರು ಬಂದು ಸೇರಿ ಉಪ್ಪು ಇಳಿದಿರುತ್ತದೆ, ಮಣ್ಣೂ ಇರುತ್ತದೆ. ದಕ್ಕೆಯ ಹತ್ತಿರ ಬೋಟುಗಳ ಡೀಸೆಲ್ ಜಿಡ್ಡು. ಅಳಿವೆಯಿಂದ ದೂರ, ಬೇಸಿಗೆಯಲ್ಲಿ, ದಡದ ನೊರೆ ಬಿಟ್ಟು ಒಳಗಿನಿಂದ ತೆಗೆದ ನೀರಾದರೆ ಸೋಸಿ, ಕತ್ತಲಲ್ಲಿ ಒಂದೆರಡು ವಾರ ಇಟ್ಟು ಬಳಸುವವರಿದ್ದಾರೆ. ನಾನಂತೂ ಘಾಟಿ ಹತ್ತಿಸಿಕೊಂಡು ನೀರು ತರುವ ಸಾಹಸಕ್ಕೆ ಹೋಗಿಲ್ಲ.

ಪೊರೆ ಕಂದು ಬಣ್ಣ, ಮಧ್ಯಾಹ್ನ ಅದರಲ್ಲಿ ಗುಳ್ಳೆ ತುಂಬಿರುತ್ತೆ.

ಇದು ಬೇರೆ ಜೀವ. ಮರಳಿನ ಮೇಲೆ ಬೆಳೆದ ಡಯಾಟಮ್, ಸಯನೋಬ್ಯಾಕ್ಟೀರಿಯಾ ಅಥವಾ ಡೈನೊ (ಡೈನೊಫ್ಲಾಜೆಲೇಟ್) ಎಂಬ ಪಾಚಿಯಂಥ ಸೂಕ್ಷ್ಮಜೀವಿಗಳು ಬೆಳಕಿನಲ್ಲಿ ಆಮ್ಲಜನಕ ಬಿಟ್ಟಾಗ ಗುಳ್ಳೆಗಳು ಅವನ್ನೇ ಎತ್ತಿಕೊಂಡು ಮೇಲೆ ಬರುತ್ತವೆ. ಪುಡಿಪುಡಿ ಕಂದು ಡಯಾಟಮ್, ಹೊಸ ಟ್ಯಾಂಕಿಗೆ ಬಂದು ಕೆಲವು ವಾರದಲ್ಲಿ ತಾನೇ ಹೋಗುತ್ತದೆ. ಕೆಂಗಂದು ಚಾಪೆಯಂತೆ ಏಳುವುದು ಸಯನೋ. ಸಿಂಬಳದಂತೆ ಎಳೆಎಳೆಯಾಗಿ ಗುಳ್ಳೆ ಹಿಡಿದು ತೂಗುವುದು ಡೈನೊ, ಅದು ಹಟಮಾರಿ. ಪೈಪಿನಲ್ಲಿ ಎಳೆದು ತೆಗೆಯಿರಿ, ಕಲ್ಲಿನ ಮೇಲಿರುವುದನ್ನು ಉಜ್ಜಿ ನೀರಿಗೆ ಬಿಡಬೇಡಿ.

ಊಟ ಹಾಕಿದ ತಕ್ಷಣ ಎಣ್ಣೆ ಚಕ್ರಗಳು ಹರಡುತ್ತವೆ. ಹಾಕಬಾರದಾ?

ಹಾಕಿ. ಫ್ರೋಜನ್ ಮೈಸಿಸ್ (ಮೀನಿಗೆ ಹಾಕುವ, ಸಿಗಡಿಯಂಥ ಪುಟ್ಟ ಜೀವಿ) ಆದರೆ ಒಂದು ಬಟ್ಟಲು ಟ್ಯಾಂಕ್ ನೀರಿನಲ್ಲಿ ಕರಗಿಸಿ, ಟೀ ಸೋಸುವ ಜಾಲರಿಯಲ್ಲಿ ಬಸಿದು, ಆ ರಸ ಚೆಲ್ಲಿ. ಹೆಚ್ಚಿನ ಜಿಡ್ಡು ಅದರಲ್ಲೇ ಹೋಗುತ್ತದೆ. ಬೆಳ್ಳುಳ್ಳಿ ಎಣ್ಣೆ, ವಿಟಮಿನ್ ಹನಿಗಳಲ್ಲಿ ನೆನೆಸುವ ಶಾಸ್ತ್ರ ಹೊಸ ಟ್ಯಾಂಕಿಗೆ ಬೇಡ. ಎರಡು ಸಣ್ಣ ಕ್ಲೌನ್ ಮೀನಿಗೆ ದಿನಕ್ಕೆ ಎರಡು ಚಿಟಿಕೆ ಧಾರಾಳ ಆಯಿತು. ಮಕ್ಕಳು, ಅಜ್ಜಿ, ಬಂದ ನೆಂಟರು ಎಲ್ಲರೂ ಒಂದೊಂದು ಚಿಟಿಕೆ ಹಾಕುವ ಮನೆಗಳಲ್ಲಿ ಪೊರೆಗೆ ಬೇರೆ ಕಾರಣ ಹುಡುಕುವುದೇ ಬೇಡ. ದಿನದ ಪಾಲನ್ನು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿಡಿ, ಡಬ್ಬಿ ಖಾಲಿಯಾದರೆ ಊಟ ಮುಗಿಯಿತು.

ಅಂಗಡಿಯವರು ಪೊರೆ ಹೋಗೋಕೆ ಒಂದು ಬಾಟಲಿ ಕೊಟ್ಟರು. ಹಾಕಲಾ?

ಯಾವ ಬಾಟಲಿ ಅನ್ನೋದರ ಮೇಲೆ ಹೋಗುತ್ತದೆ. ಸೈಕಲ್ಲಿಗೆ ಸಹಾಯ ಮಾಡುವ ಬ್ಯಾಕ್ಟೀರಿಯಾ ಆದರೆ ತೊಂದರೆ ಇಲ್ಲ, ಒಂದೆರಡು ದಿನ ಪೊರೆ ಹೆಚ್ಚೂ ಆಗಬಹುದು. ನೊರೆ ಕೊಲ್ಲುವ ದ್ರವ ಬೇಡ. ಅದು ಕೊಳೆಯನ್ನು ಬಿಟ್ಟು ನೊರೆಯನ್ನು ಮಾತ್ರ ಇಳಿಸುತ್ತದೆ, ಸ್ಕಿಮ್ಮರನ್ನೂ ಮಲಗಿಸುತ್ತದೆ. ನೈಟ್ರೇಟ್ ಇಳಿಸಲು ಸಕ್ಕರೆ, ವೋಡ್ಕಾ ಹಾಕುವ ವಿದ್ಯೆಯನ್ನು ಯಾರಾದರೂ ಹೇಳಿಕೊಟ್ಟರೆ ಕೈಮುಗಿದು ಬನ್ನಿ. ಅದು ಬ್ಯಾಕ್ಟೀರಿಯಾಗೆ ಹಬ್ಬದೂಟ, ನಿಮಗೆ ಬಿಳಿ ನೀರು, ದಪ್ಪ ಪೊರೆ.

ಕರೆಂಟ್ ಹೋದಾಗ?

ಅಲೆ ನಿಂತ ಅರ್ಧ ಗಂಟೆಗೆಲ್ಲ ಪೊರೆ ಕಟ್ಟಲು ಶುರು. ಇನ್ವರ್ಟರಿಗೆ ಟಿವಿ ಸೇರಿಸುವ ಮುಂಚೆ ಒಂದು ವೇವ್‌ಮೇಕರ್ ಸೇರಿಸಿ, ಅದು ತಿನ್ನುವುದು ಕೆಲವೇ ವ್ಯಾಟ್. ಅದೂ ಇಲ್ಲದಿದ್ದರೆ ಸೆಲ್ಲಿನಲ್ಲಿ ಓಡುವ ಏರ್ ಪಂಪು. ಕರೆಂಟ್ ವಾಪಸ್ ಬಂದಾಗ ಸಂಪಿಗೆ ಇಳಿದಿದ್ದ ನೀರಿನಿಂದ ಸ್ಕಿಮ್ಮರ್ ಉಕ್ಕುವುದುಂಟು. ಅದರ ಕಪ್ ಖಾಲಿ ಇರಲಿ.

ಎಷ್ಟು ದಿನಕ್ಕೆ ಪೂರ್ತಿ ಹೋಗುತ್ತೆ?

ಅಮೋನಿಯಾ, ನೈಟ್ರೈಟ್ ಸೊನ್ನೆಗೆ ಬರಲು ಮೂರರಿಂದ ಆರು ವಾರ. ಪೊರೆಯೂ ಬಹುತೇಕ ಆ ಹೊತ್ತಿಗೆ ತೆಳುವಾಗುತ್ತದೆ. ಎರಡು ತಿಂಗಳು ದಾಟಿ, ಮೇಲ್ಮೈ ಎಳೆಯುವ ವ್ಯವಸ್ಥೆಯೂ ಇದ್ದು, ಪೊರೆ ಇನ್ನೂ ದಿನಾ ಬರುತ್ತಿದ್ದರೆ ಕಲ್ಲಿನ ಹಿಂದೆ ಟಾರ್ಚ್ ಬಿಟ್ಟು ನೋಡಿ, ಎಲ್ಲೋ ಏನೋ ಸತ್ತಿದೆ. ನನಗೆ ಸಿಕ್ಕಿದ್ದು ಒಂದು ಬಸವನಹುಳು. ಎತ್ತಿ ಮೂಗಿನ ಹತ್ತಿರ ಹಿಡಿದ ಮೇಲೆ ಬೇರೆ ಪರೀಕ್ಷೆ ಬೇಕಾಗಲಿಲ್ಲ.

ಗಾಜಿನ ಮುಚ್ಚಳ ಹಾಕಿದರೆ ಧೂಳು, ಜಿಡ್ಡು ಬೀಳಲ್ಲ ಅಲ್ವಾ?

ಬೀಳಲ್ಲ. ಜೊತೆಗೆ ಗಾಳಿಯೂ ಆಡಲ್ಲ, ಶಾಖವೂ ಹೋಗಲ್ಲ. ಬಲೆಯ ಮುಚ್ಚಳ ಹಾಕಿ, ಮೀನು ಹಾರುವುದೂ ತಪ್ಪುತ್ತದೆ. ನೊರೆ ಒಡೆದು ಸಿಡಿದ ಉಪ್ಪು ಬಲೆಯ ಅಂಚಿನಲ್ಲಿ, ವೈರಿನ ಮೇಲೆ ಬೆಳ್ಳಗೆ ಬೆಳೆಯುತ್ತಾ ಹೋಗುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒರೆಸುವ ಮುಂಚೆ ಸ್ವಿಚ್ ಆರಿಸಿ. ಪ್ರತಿ ವೈರೂ ಪ್ಲಗ್ಗಿಗೆ ಹೋಗುವ ಮುಂಚೆ ಒಂದು ಗೇಣು ಕೆಳಗೆ ಜೋತು ಮತ್ತೆ ಮೇಲೆ ಹತ್ತುವಂತೆ ಕಟ್ಟಿ. ವೈರಿನಗುಂಟ ಬಂದ ಹನಿ ಆ ಜೋಲಿನಲ್ಲೇ ನೆಲಕ್ಕೆ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ.